ಸಂಗಾತಿಗೆ ಎಸ್‌ಎಸ್‌ಎನ್ ಬಂತೇ? ಹಳೇ ಐಟಿಐಎನ್ ಬಿಡಿಸಿಕೊಳ್ಳುವುದು ಹೀಗೆ

ಉದ್ಯೋಗಿಯ ಅವಲಂಬಿತರಿಗೆ ಕೊಡುವ ಎಚ್‌-4 ವೀಸಾದಲ್ಲಿ ಅಮೆರಿಕಕ್ಕೆ ಹೋದವರಿಗೆ ಕೆಲಸದ ಪರವಾನಗಿ ಇಲ್ಲದಿದ್ದರೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಸಿಗುವುದಿಲ್ಲ. ಹಾಗಾಗಿ ಜಂಟಿ ತೆರಿಗೆ ರಿಟರ್ನ್ ಸಲ್ಲಿಸಲೆಂದು ಡಬ್ಲ್ಯೂ-7 ಫಾರಂ ತುಂಬಿ ಐಟಿಐಎನ್ ಎಂಬ ತೆರಿಗೆ ನಂಬರ್ ಪಡೆಯುತ್ತಾರೆ. 9ರಿಂದ ಶುರುವಾಗುವ ಒಂಬತ್ತಂಕಿಯ ನಂಬರ್ ಅದು. ಮುಂದೆ ಕೆಲಸದ ಪರವಾನಗಿ ಕಾರ್ಡ್ (ಇಎಡಿ) ಕೈಗೆ ಬಂದು ಎಸ್‌ಎಸ್‌ಎನ್ ಸಿಕ್ಕಿತೆನ್ನಿ, ಅಲ್ಲಿಂದಾಚೆಗೆ ಐಟಿಐಎನ್ ಬಳಸುವಂತಿಲ್ಲ. ಒಬ್ಬರಿಗೆ ಒಂದೇ ನಂಬರ್.

ಇಎಡಿಗೆ ಐ-765 ಅರ್ಜಿ ಹಾಕುವಾಗಲೇ ಎಸ್‌ಎಸ್‌ಎನ್ ಕೇಳಿರಿ. ಅಲ್ಲಿ ಕೇಳುವುದು ಮರೆತಿದ್ದರೆ ಎಸ್‌ಎಸ್‌-5 ಅರ್ಜಿ, ಪಾಸ್‌ಪೋರ್ಟ್, ಇಎಡಿ ಹಿಡಿದು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಬೇಕು. ಶುಲ್ಕವಿಲ್ಲ.

ಕಾರ್ಡ್ ಬಂದೊಡನೆ ಹೆಸರು ನೋಡಿ. ನಮ್ಮವರು ಎಡವುವುದು ಇಲ್ಲೇ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಕೂರುತ್ತದೆ. ‘ಸವಿತಾ ಬಸವರಾಜು’ ಅಷ್ಟೂ ಸರ್‌ನೇಮ್! ಕಾರ್ಡೂ ಹಾಗೇ ಬಂದಿದ್ದರೆ ರಿಟರ್ನ್‌ನಲ್ಲೂ ಹಾಗೇ ಬರೆಯಬೇಕು. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಕಂಪ್ಯೂಟರ್ ನಂಬರಿನ ಜೊತೆ ಸರ್‌ನೇಮ್‌ನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ತಾಳೆ ನೋಡುತ್ತದೆ. ಹೊಂದದಿದ್ದರೆ ಇ-ಫೈಲ್ ವಾಪಸ್.

ಇನ್ನು ಪತ್ರ. ಹೊಸ ನಂಬರ್ ಹಾಕಿ ರಿಟರ್ನ್ ಕಳಿಸಿದರೆ ಮುಗಿಯಿತೆಂದು ಬಹಳ ಮಂದಿ ಸುಮ್ಮನಾಗುತ್ತಾರೆ. ಹಳೆಯ ವರ್ಷಗಳ ದಾಖಲೆ ಹೊಸ ನಂಬರಿಗೆ ಸೇರಬೇಕಾದರೆ ಐಆರ್‌ಎಸ್‌ಗೆ ತಿಳಿಸಲೇಬೇಕು. ‘ನನಗೆ ಎಸ್‌ಎಸ್‌ಎನ್ ಬಂದಿದೆ, ಐಟಿಐಎನ್ ರದ್ದುಮಾಡಿ ಎರಡರ ದಾಖಲೆಗಳನ್ನೂ ಸೇರಿಸಿ’ ಎಂದು ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಸಾಕು. ಪೂರ್ತಿ ಹೆಸರು, ಅಂಚೆ ವಿಳಾಸ, ಐಟಿಐಎನ್ ಬರೆದು ಸಹಿ ಹಾಕಿ. ಎಸ್‌ಎಸ್‌ಎನ್ ಕಾರ್ಡಿನ ನಕಲು ಲಗತ್ತಿಸಿ. ಐಟಿಐಎನ್ ಕೊಟ್ಟಾಗ ಬಂದ ಸಿಪಿ 565 ನೋಟಿಸ್ ಇದ್ದರೆ ಅದರ ನಕಲೂ ಇರಲಿ. ವಿಳಾಸ: ಇಂಟರ್ನಲ್ ರೆವೆನ್ಯೂ ಸರ್ವಿಸ್, ಆಸ್ಟಿನ್, ಟೆಕ್ಸಾಸ್ 73301-0057. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಸೀದಿ ಎತ್ತಿಡಿ. ಮೂಲ ಕಾರ್ಡ್ ಮಾತ್ರ ಕಳಿಸಬೇಡಿ. ಅಂಚೆ ಬೇಡವೆಂದರೆ ಸಮಯ ಗೊತ್ತುಮಾಡಿಕೊಂಡು ಹತ್ತಿರದ ಐಆರ್‌ಎಸ್ ಕಚೇರಿಗೂ ಹೋಗಬಹುದು.

ನಂಬರ್ ಬದಲಾಯಿತೆಂಬ ಒಂದೇ ಕಾರಣಕ್ಕೆ ಹಳೇ ರಿಟರ್ನ್‌ಗಳನ್ನು 1040-ಎಕ್ಸ್‌ನಲ್ಲಿ ತಿದ್ದಬೇಕಿಲ್ಲ.

ಹೊಸ ರಿಟರ್ನ್ ತುಂಬುವಾಗ ಸಾಫ್ಟ್‌ವೇರನ್ನು ನಂಬಬೇಡಿ. ಹೋದ ವರ್ಷದ ಮಾಹಿತಿ ಎಳೆದುಕೊಳ್ಳುವಾಗ ಐಟಿಐಎನ್ ಕೂಡ ಬಂದು ಕೂತಿರುತ್ತದೆ. ಫಾರಂ 1040ರಲ್ಲಿ ಸಂಗಾತಿಯ ನಂಬರಿನ ಜಾಗದಲ್ಲಿ ಅದನ್ನು ಅಳಿಸಿ ಎಸ್‌ಎಸ್‌ಎನ್ ಹಾಕಿ. ರಾಜ್ಯದ ರಿಟರ್ನ್‌ನಲ್ಲೂ ನೋಡಿ. ಗುರುತು ಪರೀಕ್ಷೆಗೆ ಹೋದ ವರ್ಷದ ಎಜಿಐ (ಹೊಂದಾಣಿಕೆಯ ನಂತರದ ಒಟ್ಟು ಆದಾಯ) ಕೇಳುತ್ತದಲ್ಲ, ಜಂಟಿ ರಿಟರ್ನ್‌ನಲ್ಲಿ ಇಬ್ಬರಿಗೂ ಪೂರ್ತಿ ಮೊತ್ತವನ್ನೇ ಕೊಡುವುದು ರೂಢಿ. ಆದರೆ ಹೊಸ ಎಸ್‌ಎಸ್‌ಎನ್ ಅಡಿಯಲ್ಲಿ ಹಳೇ ರಿಟರ್ನ್ ಇನ್ನೂ ಸೇರಿರದಿದ್ದರೆ ಐಎನ್‌ಡಿ-032-04 ಎಂಬ ಕೋಡ್‌ನೊಂದಿಗೆ ತಿರಸ್ಕಾರವಾಗಬಹುದು. ಆಗ ಸಂಗಾತಿಯ ಎಜಿಐಗೆ ಸೊನ್ನೆ ಹಾಕಿ ಮತ್ತೆ ಕಳಿಸಿ ನೋಡಿ. ಅದೂ ಆಗದಿದ್ದರೆ ಐಆರ್‌ಎಸ್ ಕೊಡುವ ಗುರುತಿನ ಪಿನ್ (ಐಪಿ ಪಿನ್) ಪಡೆಯಿರಿ, ಇಲ್ಲವೇ ಮುದ್ರಿಸಿ ಅಂಚೆಗೆ ಹಾಕಿ.

ಐಟಿಐಎನ್ ಕೊಟ್ಟು ತೆರೆದ ಬ್ಯಾಂಕ್ ಖಾತೆಗಳಿಗೆ ಹೊಸ ನಂಬರ್ ಬರೆದ ಡಬ್ಲ್ಯೂ-9 ಫಾರಂ ಕೊಡಿ. ಕೊಡದಿದ್ದರೆ ಬಡ್ಡಿಯ ವಿವರದ 1099-ಐಎನ್‌ಟಿ ಫಾರಂ ಹಳೇ ನಂಬರಿಗೇ ಹೋಗುತ್ತಿರುತ್ತದೆ. ಸಂಗಾತಿಯ ಐಟಿಐಎನ್ ಹೆಸರಲ್ಲೇ ಮುಂಗಡ ತೆರಿಗೆ ಕಟ್ಟಿದ್ದರೆ ಆ ಹಣ ರಿಟರ್ನ್‌ಗೆ ಜಮೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಪತ್ರದಲ್ಲೂ ಅದನ್ನು ಬರೆಯಿರಿ.

ಏಪ್ರಿಲ್ 15 ಹತ್ತಿರ ಬಂದರೂ ಕಾರ್ಡ್ ಬಾರದಿದ್ದರೆ 4868 ಫಾರಂ ಸಲ್ಲಿಸಿ. ರಿಟರ್ನ್‌ಗೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಬಾಕಿ ತೆರಿಗೆ ಕಟ್ಟಲು ಮಾತ್ರ ಅದೇ ಏಪ್ರಿಲ್ 15 ಕಡೆಯ ದಿನ.