ಆನೆಯ ದನಿಗೆ ಅರ್ಥ ಹಚ್ಚುವ ಮುನ್ನ

ಆನೆಯ ಕೂಗು ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಘೀಳು. ಕಬಿನಿ ಹಿನ್ನೀರಿನ ದಡದಲ್ಲಿ ಹಿಂಡೊಂದು ಆರಾಮವಾಗಿ ಮೇಯುತ್ತಿದ್ದರೆ ಘೀಳು ಅಪರೂಪ. ಆಗ ನಡೆಯುವ ಮಾತುಕತೆಯೆಲ್ಲ ತಗ್ಗಿನ ಗುಡುಗುಡು ದನಿಯಲ್ಲೇ. ಆನೆಗಳ ದನಿ ರೆಕಾರ್ಡ್ ಮಾಡುವ ನನ್ನ ಕೆಲಸದ ಮುಕ್ಕಾಲು ತಯಾರಿ ಈ ದನಿಗಾಗಿಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ದಕ್ಷಿಣ ಭಾರತದ ಆನೆಗಳ ದನಿಯನ್ನು ವಿಶ್ಲೇಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ನಾಲ್ಕು ಬಗೆಗಳನ್ನು ಹೇಳುತ್ತದೆ: ಘೀಳು, ಅಬ್ಬರ, ಕೀಚಲು, ಗುಡುಗುಡು. ನನ್ನ ಟಿಪ್ಪಣಿ ಪುಸ್ತಕದಲ್ಲೂ ಇವೇ ನಾಲ್ಕು ಕಾಲಂ. ಸೊಂಡಿಲನ್ನು ನೆಲಕ್ಕೆ ಬಡಿದಾಗ ಬರುವ ಟೊಳ್ಳು ಸದ್ದಿಗೆ ಐದನೆಯದೊಂದನ್ನು ಸೇರಿಸಿಕೊಂಡಿದ್ದೇನೆ. ಅದು ಗಂಟಲಿನ ದನಿಯಲ್ಲದಿದ್ದರೂ ಗಾಬರಿ, ಬೆದರಿಕೆಯ ಹೊತ್ತಿನಲ್ಲಿ ಬರುವುದರಿಂದ ಬಿಡುವಂತಿಲ್ಲ.

ಗುಡುಗುಡುವಿನ ಮೂಲ ಕಂಪನ ನಮ್ಮ ಕಿವಿಯ ಕೆಳಮಿತಿಯಾದ 20 ಹರ್ಟ್ಸ್‌ನ (ಸೆಕೆಂಡಿಗೆ 20 ಕಂಪನ) ಆಸುಪಾಸಿನಲ್ಲಿದೆ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಸಂಶೋಧಕಿ ಕೇಟಿ ಪೇನ್ ಏಷ್ಯಾದ ಆನೆಗಳಲ್ಲಿ ಇದನ್ನು ಗುರುತಿಸಿದರು. 1986ರ ಪ್ರಬಂಧದಲ್ಲಿ 14ರಿಂದ 24 ಹರ್ಟ್ಸ್ ಎಂದು ಕೊಟ್ಟಿದ್ದಾರೆ. ಹತ್ತಿರವಿದ್ದರೆ ನಮಗೂ ಕೇಳಿಸುತ್ತದೆ, ಆದರೆ ಕೇಳಿಸುವುದು ಅದರ ಮೇಲಿನ ಪದರಗಳು ಮಾತ್ರ. ಮೊಬೈಲಿನ ರೆಕಾರ್ಡಿಂಗ್ ಹಿಡಿದುಕೊಂಡು ಬರುವವರಿಗೆ ನಾನು ಮೊದಲು ಹೇಳುವುದೇ ಇದು: ಮನುಷ್ಯರ ಮಾತಿಗೆಂದು ಮಾಡಿದ ಫೋನು ತಳದ ಕಂಪನವನ್ನು ಸೋಸಿ ಎಸೆದುಬಿಟ್ಟಿರುತ್ತದೆ.

ಕೆಳಗೆ 10 ಹರ್ಟ್ಸ್‌ವರೆಗೂ ಒಂದೇ ಸಮನಾಗಿ ಸ್ಪಂದಿಸುವ, ಎಲ್ಲ ದಿಕ್ಕಿನಿಂದಲೂ ಕೇಳುವ ಮೈಕು ಬೇಕು. ಒಂದೇ ದಿಕ್ಕಿಗೆ ಕಿವಿಗೊಡುವ ಉದ್ದನೆಯ ಶಾಟ್‌ಗನ್ ಮೈಕು ಘೀಳಿಗೆ ಚೆನ್ನ, ಗುಡುಗುಡುವಿಗೆ ನಿಷ್ಪ್ರಯೋಜಕ. ರೆಕಾರ್ಡರಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲ್, ಎಂಪಿ3 ಬೇಡ. ತಗ್ಗಿನ ದನಿಯನ್ನು ಕತ್ತರಿಸುವ ಲೋ-ಕಟ್ ಸ್ವಿಚ್ ರೆಕಾರ್ಡರಿನಲ್ಲೂ ಇರುತ್ತದೆ, ಕೆಲವು ಮೈಕುಗಳ ಮೈಮೇಲೂ ಇರುತ್ತದೆ. ಎರಡನ್ನೂ ಆಫ್ ಮಾಡಬೇಕು. ಅದಾದ ಮೇಲೆ ಗಾಳಿಯ ಕಾಟ ಶುರು, ಏಕೆಂದರೆ ಗಾಳಿಯ ಗದ್ದಲವೂ ಇದೇ ತಗ್ಗಿನ ಪಟ್ಟಿಯಲ್ಲಿದೆ. ಮೈಕಿಗೆ ತುಪ್ಪಟದ ಕವಚ ಹಾಕಿ, ಮೊಣಕಾಲಿಗಿಂತ ಕೆಳಗೆ, ಪೊದೆಯ ಮರೆಯಲ್ಲಿ ಇಡುತ್ತೇನೆ. ಮುಂಜಾವು ಮತ್ತು ಮುಸ್ಸಂಜೆ ಗಾಳಿ ನಿಂತಿರುವ ಹೊತ್ತು. ನೆಲದ ಬಳಿಯ ಗಾಳಿ ತಣ್ಣಗಾಗಿ ದನಿಯೂ ದೂರ ಹೋಗುತ್ತದೆ.

ಜೀಪಿನ ಎಂಜಿನ್ ಅಂತೂ ಮಹಾ ಮೋಸಗಾರ. ನಾಲ್ಕು ಸಿಲಿಂಡರಿನ ಎಂಜಿನ್ 750 ಆರ್‌ಪಿಎಂನಲ್ಲಿ (ನಿಮಿಷಕ್ಕೆ 750 ಸುತ್ತು) ಐಡಲ್ ಓಡುತ್ತಿದ್ದರೆ ಸೆಕೆಂಡಿಗೆ 25 ಸಲ ಉರಿಯುತ್ತದೆ, ಅಂದರೆ 25 ಹರ್ಟ್ಸ್: ಆನೆಯ ಪಟ್ಟಿಯ ಪಕ್ಕದಲ್ಲೇ. ಸ್ಪೆಕ್ಟ್ರೋಗ್ರಾಮ್‌ನಲ್ಲಿ, ಅಂದರೆ ದನಿಯ ಕಂಪನ ಹೊತ್ತಿನೊಂದಿಗೆ ಬದಲಾಗುವುದನ್ನು ತೋರಿಸುವ ಚಿತ್ರದಲ್ಲಿ, ಎಂಜಿನ್ ಸಪೂರ ನೇರ ಗೆರೆಯಾಗಿ ನಿಮಿಷಗಟ್ಟಲೆ ಎಳೆದುಕೊಂಡು ಹೋಗುತ್ತದೆ. ಆನೆಯ ಗೆರೆ ಸಾಮಾನ್ಯವಾಗಿ ಕಮಾನಿನಂತೆ ಏರಿ ಇಳಿದು ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಮೇಲೆ ಅದೇ ಆಕಾರದ ಗೆರೆಗಳು ಸಮ ಅಂತರದಲ್ಲಿ ಕಾಣುತ್ತವೆ. ಗೆರೆ ಬಾಗಿಲ್ಲದಿದ್ದರೆ ಮೊದಲು ಜೀಪು, ಜನರೇಟರು, ಪಂಪ್‌ಸೆಟ್ಟನ್ನೇ ಅನುಮಾನಿಸಿ.

ಮನೆಗೆ ಬಂದ ಮೇಲೆ ಫೈಲಿನ ನಕಲನ್ನು ಸೆಕೆಂಡಿಗೆ 2000 ಮಾದರಿಗಳಿಗೆ (2000 ಹರ್ಟ್ಸ್) ಇಳಿಸಿ, 1024 ಬಿಂದುಗಳ ಕಿಟಕಿಯಲ್ಲಿ, ಅಂದರೆ ಒಮ್ಮೆಗೆ 1024 ಮಾದರಿಗಳ ತುಣುಕಾಗಿ, ನೋಡುತ್ತೇನೆ. ಇದರಲ್ಲಿ ಸುಮಾರು 2 ಹರ್ಟ್ಸ್, ಅರ್ಧ ಸೆಕೆಂಡಿನ ಸ್ಪಷ್ಟತೆ ಸಿಗುತ್ತದೆ. ಕಿಟಕಿ ಹಿಗ್ಗಿಸಿದರೆ ಗೆರೆ ಸಪೂರವಾಗುತ್ತದೆ, ಆದರೆ ದನಿ ಶುರುವಾದ ಕ್ಷಣ ಕಲಸಿಹೋಗುತ್ತದೆ. ಇದಕ್ಕೆ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರೇ ಸಾಕು. ಹತ್ತು ಪಟ್ಟು ವೇಗದಲ್ಲಿ ಕೇಳಿದರೆ 20 ಹರ್ಟ್ಸ್ 200 ಆಗುತ್ತದೆ, ಕಿವಿಗೇ ಸಿಗುತ್ತದೆ.

ಅರ್ಥದ ಮಾತು ಇನ್ನು. ಕೂಗಿಗೆ ಮುಂಚಿನ ಅರ್ಧ ನಿಮಿಷ, ನಂತರದ ಒಂದು ನಿಮಿಷ ಏನಾಯಿತೆಂದು ಬರೆಯದ ರೆಕಾರ್ಡಿಂಗ್‌ನಿಂದ ಅರ್ಥ ಹೊರಡುವುದಿಲ್ಲ. ‘ಕೋಪ’ ಎಂದು ಬರೆಯಬೇಡಿ. ‘ಕಿವಿ ಹರಡಿ, ತಲೆ ಎತ್ತಿ, ಎರಡು ಹೆಜ್ಜೆ ಮುಂದೆ’ ಎಂದು ಬರೆಯಿರಿ. ಘೀಳು ಬೆದರಿಕೆಯಲ್ಲೂ ಬರುತ್ತದೆ, ಮರಿಗಳ ಆಟದಲ್ಲೂ ಬರುತ್ತದೆ. ಕಿವಿ ಮತ್ತು ಬಾಲ ನೋಡದೆ ಬೇರ್ಪಡಿಸಲಾಗದು. ಕೀಚಲು ಹೆಚ್ಚಾಗಿ ಗಾಬರಿ, ಗೊಂದಲದಲ್ಲಿ. ಇದನ್ನು ಆನೆ ತುಟಿ ಬಿಗಿದು, ಕಹಳೆ ಊದುವವರಂತೆ ಹೊರಡಿಸುತ್ತದೆ ಎಂದು ನೇಪಾಳದ ಆನೆಗಳ ಮೇಲಿನ 2021ರ ಅಧ್ಯಯನ ತೋರಿಸಿತು.

ಹಿಂಡಿನಲ್ಲಿ ಗುಡುಗಿದವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ದುರ್ಬೀನಿನಲ್ಲಿ ಹಣೆ ನೋಡಿ: ಸೊಂಡಿಲು ತಲೆಬುರುಡೆ ಸೇರುವಲ್ಲಿ ಚರ್ಮ ಸಣ್ಣಗೆ ಅದುರುತ್ತದೆ. ಅದುರು ಕಾಣದಿದ್ದರೆ ‘ಯಾರೋ’ ಎಂದೇ ಬರೆಯಬೇಕು. ಹತ್ತಿರ ನಿಂತದ್ದೇ ಕೂಗಿತು ಎಂದು ಊಹಿಸಿ ಬರೆದ ಸಾಲುಗಳು ಮುಂದೆ ಇಡೀ ಪಟ್ಟಿಯನ್ನೇ ಕೆಡಿಸುತ್ತವೆ.

ಆಫ್ರಿಕಾದ ಆನೆಗಳು ಒಂದನ್ನೊಂದು ಹೆಸರಿನಂಥ ದನಿಯಿಂದ ಕರೆಯುತ್ತವೆ ಎಂಬ 2024ರ ಸಂಶೋಧನೆಯನ್ನು ನಮ್ಮ ಆನೆಗೆ ಹಾಗೇ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಬೇರೆ ಪ್ರಭೇದ.

ಮೌನಕ್ಕೂ ಒಂದು ಕಾಲಂ ಇಡಿ. ದಕ್ಷಿಣ ಭಾರತದಲ್ಲಿ ರಾತ್ರಿ ಬೆಳೆಗೆ ನುಗ್ಗುವ ಆನೆಗಳಿಗೆ ಹುಲಿ, ಚಿರತೆಗಳ ಗುರುಗುಟ್ಟುವಿಕೆ ಕೇಳಿಸಿದ 2013ರ ಪ್ರಯೋಗದಲ್ಲಿ, ಚಿರತೆಯ ದನಿಗೆ ಅವು ಘೀಳಿಟ್ಟು ಹಿಂದೆ ಸರಿದವು, ಹುಲಿಯ ದನಿಗೆ ಸದ್ದಿಲ್ಲದೆ ಜಾಗ ಖಾಲಿ ಮಾಡಿದವು. ಕೂಗಿದ್ದನ್ನಷ್ಟೇ ಬರೆದಿಟ್ಟವರ ಪಟ್ಟಿಯಲ್ಲಿ ಹುಲಿಯ ಸಾಲು ಖಾಲಿಯೇ ಉಳಿಯುತ್ತಿತ್ತು.