ಹಳೇ ಮದರ್‌ಬೋರ್ಡಿಗೆ ಡಿಸ್ಕ್ ಕಂಟ್ರೋಲರ್ ಹೊಂದುತ್ತಾ? ಪರೀಕ್ಷಿಸುವುದು ಹೀಗೆ

ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಕಂಟ್ರೋಲರ್ ಕಾರ್ಡ್ ಹಾಕಿದಿರಿ, ಪರದೆಯಲ್ಲಿ ಡಿಸ್ಕಿನ ಹೆಸರು ಬಂತು. ಅಷ್ಟಕ್ಕೇ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಬರೆದದ್ದು ಬರೆದ ಹಾಗೇ ವಾಪಸ್ ಬರುತ್ತಾ ಅನ್ನುವುದೇ ನಿಜವಾದ ಪರೀಕ್ಷೆ. 1990ರ ದಶಕದ ಸಿಎಂಡಿ640 ಅನ್ನುವ ಕಂಟ್ರೋಲರ್ ಚಿಪ್‌ನಲ್ಲಿ ಎರಡೂ ಐಡಿಇ (ಹಳೇ ಡಿಸ್ಕ್‌ಗಳ ಅಗಲ ಕೇಬಲ್ಲಿನ ಜೋಡಣೆ) ಚಾನೆಲ್ ಒಟ್ಟಿಗೆ ಓಡಿದರೆ ಡೇಟಾ ಸದ್ದಿಲ್ಲದೆ ಕೆಡುತ್ತಿತ್ತು.

ಮೊದಲು ಮೆಮೊರಿ ಪರೀಕ್ಷೆ ಮಾಡಿ. ರ‍್ಯಾಮ್ ಕೆಟ್ಟಿದ್ದರೆ ಸುಮ್ನೆ ಕಂಟ್ರೋಲರ್ ಮೇಲೆ ಅನುಮಾನ ಬರುತ್ತದೆ. ಆಮೇಲೆ ಪವರ್ ತೆಗೆದು ಕಾರ್ಡ್ ಕೂರಿಸಿ. ಹಳೆಯ ಪಿಸಿಐ (ಕಾರ್ಡ್ ಕೂರಿಸುವ ಜಾಗದ ಒಂದು ಬಗೆ) ಸ್ಲಾಟ್‌ಗಳು ಸಾಮಾನ್ಯವಾಗಿ 5 ವೋಲ್ಟಿನವು, 3.3 ವೋಲ್ಟಿಗೆ ಮಾತ್ರ ಮಾಡಿದ ಕಾರ್ಡ್ ಅದರಲ್ಲಿ ಕೂರುವುದಿಲ್ಲ. ಒತ್ತಿ ತುರುಕಬೇಡಿ.

ಡಿಸ್ಕ್ ಜೋಡಿಸದೆ ಒಮ್ಮೆ ಆನ್ ಮಾಡಿ. ಕಾರ್ಡಿಗೆ ಸ್ವಂತ ಬಯೋಸ್ (ಆನ್ ಮಾಡಿದ ಕೂಡಲೇ ಓಡುವ ಒಳಗಿನ ಪ್ರೋಗ್ರಾಂ) ಇದ್ದರೆ ಸಾಮಾನ್ಯವಾಗಿ ಅದರ ಸಂದೇಶ ಕಾಣುತ್ತದೆ. ಕಾಣದಿದ್ದರೆ ಬೇರೆ ಕಾರ್ಡ್‌ಗಳನ್ನು ತೆಗೆದು, ಸ್ಲಾಟ್ ಬದಲಿಸಿ ನೋಡಿ.

ಈಗ ಬೇಡವಾದ ಡೇಟಾ ಇರುವ ಡಿಸ್ಕ್ ಜೋಡಿಸಿ. ಐಡಿಇಯಲ್ಲಿ ಅಲ್ಟ್ರಾ ಡಿಎಂಎ 66 ಅನ್ನುವ ವೇಗದಿಂದ ಮುಂದಕ್ಕೆ 80 ತಂತಿಯ ಕೇಬಲ್ಲೇ ಬೇಕು. ಸ್ಕಸಿ (ಒಂದೇ ಸಾಲಿಗೆ ಹಲವು ಡಿಸ್ಕ್ ಸೇರಿಸುವ ಇನ್ನೊಂದು ಬಗೆ) ಆದರೆ ಸಾಲಿನ ಎರಡೂ ತುದಿಗೆ ಟರ್ಮಿನೇಟರ್ (ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ಭಾಗ) ಇರಬೇಕು. ಐಡಿಇ ನಂತರ ಬಂದ ಸಾಟಾದಲ್ಲಿ ವಿಐಎ ವಿಟಿ8237 ಚಿಪ್ ಇದ್ದರೆ 3 ಗಿಗಾಬಿಟ್ ವೇಗದ ಡಿಸ್ಕ್ ಕಾಣದೇ ಹೋಗಬಹುದು. ಡಿಸ್ಕಿನ ಜಂಪರನ್ನು (ಪಿನ್‌ಗಳನ್ನು ಜೋಡಿಸುವ ಪುಟ್ಟ ತುಂಡು) 1.5 ಗಿಗಾಬಿಟ್ ವೇಗಕ್ಕೆ ಹಾಕಿ.

ಗಾತ್ರದ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಹಳೇ ಬಯೋಸ್‌ಗಳು 528 ಎಂಬಿ, 8.4 ಜಿಬಿ, 137 ಜಿಬಿ ಹೀಗೆ ಒಂದೊಂದು ಗಡಿಯಲ್ಲಿ ನಿಲ್ಲುತ್ತವೆ. 137ರ ಗಡಿ ತುಂಬ ಅಪಾಯದ್ದು. 48 ಬಿಟ್ ವಿಳಾಸ (ದೊಡ್ಡ ಡಿಸ್ಕಿನ ಜಾಗಗಳನ್ನು ಗುರುತಿಸುವ ಕ್ರಮ) ಗೊತ್ತಿಲ್ಲದ ಕಂಟ್ರೋಲರ್ ಅಥವಾ ಡ್ರೈವರ್ ಇದ್ದರೆ, ಗಡಿಯಾಚೆ ಬರೆದದ್ದು ಸುತ್ತಿಕೊಂಡು ಡಿಸ್ಕಿನ ಆರಂಭದ ಮೇಲೇ ಬೀಳಬಹುದು. ಎಲ್ಲ ಕಡೆ ಒಂದೇ ಮಾದರಿ ಬರೆದು ಪರೀಕ್ಷಿಸಿದರೆ ಇದು ಗೊತ್ತೇ ಆಗುವುದಿಲ್ಲ, ಅಲ್ವಾ? ಅದಕ್ಕೇ ಬೇರೆ ಬೇರೆ ಡೇಟಾ ಇರುವ ದೊಡ್ಡ ಫೈಲ್‌ಗಳಿಂದ ಡಿಸ್ಕ್ ಪೂರ್ತಿ ತುಂಬಿಸಿ. ಅವುಗಳ ಚೆಕ್‌ಸಮ್ (ಫೈಲಿನ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಬೇರೊಂದು ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಪವರ್ ಆಫ್ ಮಾಡಿ, ಮತ್ತೆ ಆನ್ ಮಾಡಿ ಓದಿಸಿ, ಚೆಕ್‌ಸಮ್ ತಾಳೆ ನೋಡಿ. ಇಲ್ಲದಿದ್ದರೆ ಮೆಮೊರಿಯಲ್ಲಿ ಉಳಿದ ಪ್ರತಿಯೇ ನಿಮಗೆ ಸಿಗಬಹುದು.

ಇನ್ನೊಮ್ಮೆ ಓದಿಸುವಾಗ ನೆಟ್‌ವರ್ಕ್, ಸೌಂಡ್, ಇನ್ನೊಂದು ಚಾನೆಲ್ಲಿನ ಡಿಸ್ಕ್ ಎಲ್ಲವನ್ನೂ ಒಟ್ಟಿಗೆ ಓಡಿಸಿ. ಚೆಕ್‌ಸಮ್ ತಪ್ಪಿದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಕೇಬಲ್, ಡಿಎಂಎ ವೇಗ, ಸ್ಲಾಟ್. ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತಾನೇ ಇಡುವ ಆರೋಗ್ಯದ ದಾಖಲೆ) 199 ಅನ್ನುವ ಸಂಖ್ಯೆಯ ಸಿಆರ್‌ಸಿ ಎಣಿಕೆ (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಏನು ಮಾಡಿದರೂ ತಪ್ಪು ನಿಲ್ಲದಿದ್ದರೆ ಅದೇ ಕಾರ್ಡು, ಡಿಸ್ಕನ್ನು ಬೇರೆ ಬೋರ್ಡಿನಲ್ಲಿ ಹಾಕಿ ಇದೇ ಪರೀಕ್ಷೆ ಮಾಡಿ. ಅಲ್ಲಿ ಸರಿಬಂದರೆ, ತೊಂದರೆ ಈ ಬೋರ್ಡಿನದು ಅಥವಾ ಈ ಜೋಡಿಯದು.