ಮುಖದ ತ್ರೀಡಿ ಚಿತ್ರ: ಕ್ಯಾಮೆರಾ ಸರಿ ಇತ್ತು, ತುಟಿ ಸರಿ ಇರಲಿಲ್ಲ

ಹಲ್ಲಿಗೆ ಬ್ರೇಸಸ್ ಹಾಕುವವರು ಮುಖವನ್ನು ಬಹುಕಾಲ ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲೇ ಅಳೆದವರು. 1931ರಲ್ಲಿ ಶುರುವಾದ ಪದ್ಧತಿ ಅದು. ನಾನೂ ಹಾಗೇ ಕಲಿತೆ. ಅದರಲ್ಲಿ ಕೆನ್ನೆಯೂ ಗೊತ್ತಾಗುವುದಿಲ್ಲ, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಹಾಗಾಗಿ ತ್ರೀಡಿ ಕ್ಯಾಮೆರಾ ಬಂದಾಗ ಖುಷಿಯಾಯಿತು. ಹಲವು ಕ್ಯಾಮೆರಾಗಳು ಬೇರೆ ಬೇರೆ ಕೋನದಿಂದ ಒಟ್ಟಿಗೆ ಕ್ಲಿಕ್ ಮಾಡುತ್ತವೆ, ಕೆಲವೇ ಮಿಲಿಸೆಕೆಂಡಿನ ಕೆಲಸ, ರೇಡಿಯೇಷನ್ ಇಲ್ಲ, ಬೇಕಾದಷ್ಟು ಸಲ ತೆಗೆಯಬಹುದು.

ಎಡವಿದ್ದು ಒಬ್ಬ ಹುಡುಗಿಯ ವಿಷಯದಲ್ಲಿ. ಮೇಲಿನ ಹಲ್ಲು ಮುಂದೆ ಇತ್ತು. ಎರಡು ಹಲ್ಲು ಕೀಳಿಸಿ ಮುಂದಿನವನ್ನು ಹಿಂದಕ್ಕೆ ತಂದೆವು. ಚಿಕಿತ್ಸೆ ಮುಗಿದ ಮೇಲೆ ಹಳೇ ಚಿತ್ರ, ಹೊಸ ಚಿತ್ರ ಎರಡನ್ನೂ ಒಂದರ ಮೇಲೊಂದು ಕೂರಿಸಿದೆ. ಕೂರಿಸುವಾಗ ಇಡೀ ಮುಖವನ್ನು ಆಧಾರವಾಗಿ ಹಿಡಿಯಬಾರದು, ಹಣೆ ಮತ್ತು ಮೂಗಿನ ಬುಡ ಮಾತ್ರ, ಏಕೆಂದರೆ ಅಲ್ಲಿ ನಾವು ಏನನ್ನೂ ಬದಲಿಸಿರುವುದಿಲ್ಲ. ಮುಖ ಎಲ್ಲೆಲ್ಲಿ ಎಷ್ಟು ಬದಲಾಗಿದೆ ಅಂತ ತೋರಿಸುವ ಬಣ್ಣದ ನಕ್ಷೆ ಬಂತು. ತುಟಿ ಹಿಂದೆ ಸರಿದಿತ್ತು, ಸರಿ. ಆದರೆ ಗದ್ದವೂ ಬದಲಾಗಿತ್ತು! ಗದ್ದಕ್ಕೆ ನಾನು ಏನೂ ಮಾಡಿರಲಿಲ್ಲ.

ಮೊದಲು ಕ್ಯಾಮೆರಾ ಮೇಲೆ ಅನುಮಾನ ಬಂತು, ಅಳತೆ ಸರಿಹೊಂದಿಸುವ ಕ್ಯಾಲಿಬ್ರೇಷನ್ ಮತ್ತೆ ಮಾಡಿದೆ, ಏನೂ ತಪ್ಪಿಲ್ಲ. ಕೊನೆಗೆ ಹಳೇ ಚಿತ್ರ ತಿರುಗಿಸಿ ತಿರುಗಿಸಿ ನೋಡಿದಾಗ ಗದ್ದದ ಚರ್ಮ ಸುಕ್ಕಾಗಿದ್ದು ಕಂಡಿತು. ಮುಂದಿದ್ದ ಹಲ್ಲು ಮುಚ್ಚೋಕೆ ಪಾಪ, ತುಟಿಯನ್ನು ಬಲವಂತವಾಗಿ ಬಿಗಿಹಿಡಿದಿದ್ದಳು. ಆಗ ಗದ್ದದ ಸ್ನಾಯು ಮೇಲಕ್ಕೆ ಎಳೆಯುತ್ತದೆ. ಹಲ್ಲು ಹಿಂದೆ ಬಂದ ಮೇಲೆ ತುಟಿ ತಾನಾಗೇ ಕೂಡಿತು, ಗದ್ದ ಸಡಿಲಾಯಿತು. ನಾನು ನೋಡಿ ಬೆರಗಾಗಿದ್ದು ಬರೀ ಸ್ನಾಯುವಿನ ಆಟ.

ಈಗ ನನ್ನ ಕ್ರಮ ಬೇರೆ. ಕೂದಲನ್ನು ಬ್ಯಾಂಡ್ ಹಾಕಿ ಹಿಂದೆ ಕಟ್ಟಿಸುತ್ತೇನೆ, ಕನ್ನಡಕ ತೆಗೆಸುತ್ತೇನೆ. ಕನ್ನಡಿಯಲ್ಲಿ ತಮ್ಮ ಕಣ್ಣನ್ನೇ ನೋಡಲು ಹೇಳಿದರೆ ತಲೆ ಸಹಜವಾಗಿ ನಿಲ್ಲುತ್ತದೆ. ಎಂಜಲು ನುಂಗಿ, ಹಿಂದಿನ ಹಲ್ಲು ಕೂಡಿಸಿ, ತುಟಿ ಸುಮ್ನೆ ಬಿಡಿ ಅನ್ನುತ್ತೇನೆ. ತುಟಿ ಬಿಟ್ಟುಕೊಂಡರೆ ಬಿಡಲಿ, ಹಾಗೇ ತೆಗೆಯುತ್ತೇನೆ. ಎರಡು ನಿಮಿಷ ಮಾತಾಡಿಸಿ ಇನ್ನೊಂದು ಚಿತ್ರ. ಎರಡೂ ಹೊಂದದಿದ್ದರೆ ಮೂರನೆಯದು. ಗಡ್ಡ ಜಾಸ್ತಿ ಇದ್ದವರದು ಮಾತ್ರ ಈಗಲೂ ತಲೆನೋವು, ಕೂದಲಿದ್ದ ಕಡೆ ಮೇಲ್ಮೈ ಸರಿಯಾಗಿ ಮೂಡುವುದಿಲ್ಲ.

ಆ ಹುಡುಗಿಯ ಮೊದಲ ಚಿತ್ರ ಮತ್ತೆ ತೆಗೆಯಲು ಆಗುವುದಿಲ್ಲವಲ್ಲ. ಅವಳ ಫೈಲಿನಲ್ಲಿ ‘ಗದ್ದದ ಅಳತೆ ಲೆಕ್ಕಕ್ಕೆ ಹಿಡಿಯಬೇಡಿ’ ಅಂತ ಬರೆದಿಟ್ಟಿದ್ದೇನೆ.